ವಾಹನದ ಹೊಳಪು: ಕಳೆಯುವುದೆಷ್ಟು, ಕಾಯುವುದೆಷ್ಟು?

ಹೊಳಪೆಂಬುದು ಮೇಲಿನಿಂದ ಬಳಿಯುವ ಪದಾರ್ಥವೆಂದು ಬಹುಜನರ ತಿಳುವಳಿಕೆ. ಅಂಗಡಿಯಿಂದ ಒಂದು ಬಾಟಲಿ ತಂದು, ಬಟ್ಟೆಗೆ ಹಾಕಿ, ಕಾರಿನ ಮೈಮೇಲೆ ತಿಕ್ಕಿದರೆ ಹೊಳಪು ಬಂದು ಕೂಡುತ್ತದೆಂದು ಅವರು ನಂಬಿರುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಪಾಲಿಶ್ ಮಾಡುವುದೆಂದರೆ ಬಣ್ಣದ ಮೇಲ್ಪದರವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಸವೆಸಿ, ಅದರಲ್ಲಿರುವ ಗೀರುಗಳ ಅಂಚನ್ನು ಇಳಿಸಿ, ಮೇಲ್ಮೈಯನ್ನು ಸಮ ಮಾಡುವುದು. ಸಮವಾದ ಮೇಲ್ಮೈಯಿಂದ ಬೆಳಕು ಚದುರದೆ ಒಂದೇ ದಿಕ್ಕಿಗೆ ಮರಳುತ್ತದೆ. ಅದೇ ಕಣ್ಣಿಗೆ ಹೊಳಪಾಗಿ ಕಾಣುತ್ತದೆ. ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚುವುದು ಬೇರೆಯ ಕೆಲಸ. ಅದು ಸವೆಸುವುದಿಲ್ಲ, ಸಮವಾದ ಮೈಯ ಮೇಲೆ ತೆಳುವಾದ ಹೊದಿಕೆಯೊಂದನ್ನು ಹಾಸಿ ನೀರು, ಧೂಳು, ಹಕ್ಕಿಯ ಹಿಕ್ಕೆಗಳಿಂದ ಕಾಯುತ್ತದೆ. ಮೊದಲನೆಯದು ಕಳೆಯುವ ಕ್ರಿಯೆ, ಎರಡನೆಯದು ಕಾಯುವ ಕ್ರಿಯೆ. ಇವೆರಡರ ಭೇದವನ್ನರಿಯದೆ ಕೈಹಾಕಿದವನು ಕಾಯಬೇಕಾದಲ್ಲಿ ಕಳೆಯುತ್ತಾನೆ.

ಕಳೆಯಲು ಇರುವುದಾದರೂ ಎಷ್ಟು? ಇಂದಿನ ಕಾರಿನ ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತವೆ. ಇವೆಲ್ಲ ಕೂಡಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ಕೂದಲಿಗಿಂತಲೂ ತೆಳು. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ರಕ್ಷಿಸುವ ದ್ರವ್ಯಗಳು ಈ ಪದರದಲ್ಲಿಯೇ ಇವೆ. ಅದು ತೀರ ತೆಳುವಾದರೆ ಬಿಳಿಚಿಕೊಂಡು ಸಿಪ್ಪೆಯಂತೆ ಏಳತೊಡಗುತ್ತದೆ. ಆಮೇಲೆ ಯಾವ ಪಾಲಿಶಿನಿಂದಲೂ ಪ್ರಯೋಜನವಿಲ್ಲ, ಹೊಸ ಬಣ್ಣವೇ ಗತಿ. ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ ಕ್ಲಿಯರ್ ಕೋಟ್ ಮೂಲಧನ. ಪ್ರತಿಯೊಂದು ಪಾಲಿಶ್ ಆ ಮೂಲಧನದಿಂದ ತೆಗೆದ ಹಣ. ಆ ಖಾತೆಗೆ ಮರಳಿ ಜಮೆಯೆಂಬುದಿಲ್ಲ. ವ್ಯಾಕ್ಸ್ ಎಂಬುದು ಕಾಲಕಾಲಕ್ಕೆ ಕಟ್ಟುವ ವಿಮೆಯ ಕಂತು.

ಹಳೆಯ ವಾಹನಗಳ ಮಾತು ಸ್ವಲ್ಪ ಬೇರೆ. ಧರ್ಮಸ್ಥಳದಲ್ಲಿರುವ ಪುರಾತನ ಕಾರುಗಳ ಸಂಗ್ರಹವನ್ನು ಯಾತ್ರಿಕರು ಅನೇಕರು ಕಂಡಿದ್ದಾರೆ. ಅಂತಹ ಕಾರುಗಳು ತಯಾರಾದ ಕಾಲದಲ್ಲಿ ಕ್ಲಿಯರ್ ಕೋಟ್ ಎಂಬುದೇ ಇರಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆ ಬೇಗ ಒಣಗುವ ಡ್ಯೂಕೊ ಬಣ್ಣವನ್ನು ಕಾರು ತಯಾರಕರಿಗೆ ಒದಗಿಸಿತು. ಇಂದಿಗೂ ಗ್ಯಾರೇಜುಗಳಲ್ಲಿ ಕೇಳಿಬರುವ ಡ್ಯೂಕೊ ಎಂಬ ಮಾತು ಅಲ್ಲಿಂದ ಬಂದದ್ದು. ಇಂತಹ ಹಳೆಯ ಬಣ್ಣವನ್ನು ಪಾಲಿಶ್ ಮಾಡಿದಾಗ ಬಟ್ಟೆಗೆ ಬಣ್ಣವೇ ಹತ್ತುತ್ತದೆ. ಆದುದರಿಂದ ಹೊಸಬರು ಮೊಟ್ಟಮೊದಲು ಮಾಡಬೇಕಾದುದು ಈ ಪರೀಕ್ಷೆ: ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಬಿಳಿಯ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮೆಲ್ಲನೆ ಉಜ್ಜಿ ನೋಡುವುದು. ಬಟ್ಟೆ ಬಣ್ಣಗೊಂಡರೆ ಮೇಲೆ ಕ್ಲಿಯರ್ ಕೋಟ್ ಇಲ್ಲವೆಂದೇ ತಿಳಿಯಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ವಾಹನಗಳಿಗಂತೂ ಪಾಲಿಶ್ ಸರ್ವಥಾ ಸಲ್ಲದು. ಉಜ್ಜಿದ ಜಾಗ ಹೊಳೆದು ಕಲೆಯಾಗಿ ನಿಲ್ಲುತ್ತದೆ.

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರ ಉದಾಹರಣೆ ಇಲ್ಲಿ ಉಪಯುಕ್ತ. ಹನ್ನೊಂದು ವರ್ಷ ಬಳಸಿದ ಕೆಂಗಂದು ಬಣ್ಣದ ಕಾರನ್ನು ಮಾರಬೇಕೆಂದು ಅವರು ನಿಶ್ಚಯಿಸಿದರು. ಇಂಜಿನ್ ಸುಸ್ಥಿತಿಯಲ್ಲಿತ್ತು, ಆದರೆ ಬಣ್ಣ ಮಂಕಾಗಿತ್ತು. ಬಿಸಿಲಿನಲ್ಲಿ ನಿಲ್ಲಿಸಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತಹ ಸಣ್ಣ ಗೀರುಗಳು ಕಾಣುತ್ತಿದ್ದವು. ಇಂಜಿನಿಯರಿಂಗ್ ಓದುತ್ತಿದ್ದ ಸೋದರಳಿಯ ಸಹಾಯಕ್ಕೆ ಬಂದನು. ಮಾವ ಅಳಿಯಂದಿರು ಎರಡು ಭಾನುವಾರಗಳನ್ನು ಈ ಕೆಲಸಕ್ಕೆ ಮೀಸಲಿಟ್ಟರು.

ಮೊದಲು ತೊಳೆಯುವುದು. ಧೂಳು ಕುಳಿತ ಮೈಮೇಲೆ ಬಟ್ಟೆಯಾಡಿಸಿದರೆ ಆ ಧೂಳೇ ಉಪ್ಪುಕಾಗದದಂತೆ ಗೀರೆಳೆಯುತ್ತದೆ. ನೆರಳಿನಲ್ಲಿ, ಮೈ ತಣ್ಣಗಿರುವಾಗ, ಎರಡು ಬಕೆಟ್ ಇಟ್ಟುಕೊಂಡು ತೊಳೆಯುವುದು ಉತ್ತಮ ಕ್ರಮ. ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿಸಲವೂ ಬರಿಯ ನೀರಿನಲ್ಲಿ ಜಾಲಿಸಿ, ಮಣ್ಣು ತಳಕ್ಕಿಳಿದ ಮೇಲೆಯೇ ಶಾಂಪೂ ನೀರಿಗೆ ಅದ್ದಬೇಕು. ಛಾವಣಿಯಿಂದ ಕೆಳಕ್ಕೆ ಬರಬೇಕು; ಚಕ್ರಗಳಿಗೆ ಬೇರೆಯ ಬಟ್ಟೆ. ಪಾತ್ರೆ ತೊಳೆಯುವ ದ್ರಾವಣ ಜಿಡ್ಡನ್ನು ಕೀಳುವಂತೆಯೇ ಹಿಂದೆ ಹಚ್ಚಿದ ವ್ಯಾಕ್ಸನ್ನೂ ಕಿತ್ತುಹಾಕುವುದರಿಂದ ದಿನಬಳಕೆಗೆ ಅದು ಯೋಗ್ಯವಲ್ಲ.

ನೀರಿನ ವಿಷಯದಲ್ಲಿ ಎರಡು ಮಾತು. ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರಿಗೂ ಮಿಕ್ಕಿ ನೀರು ಹರಿದುಹೋಗುವುದು ಸಾಮಾನ್ಯ. ಕಾಲು ಗಂಟೆ ಬಿಟ್ಟರೆ ನೂರೈವತ್ತು ಲೀಟರ್ ಚರಂಡಿಯ ಪಾಲು. ಎರಡು ಬಕೆಟ್ಟುಗಳ ಕ್ರಮದಲ್ಲಿ ಮೂವತ್ತು ನಲವತ್ತು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಅಭಾವ ಒದಗಿದಾಗ ಅಲ್ಲಿಯ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ದಂಡದ ಭಯವಿಲ್ಲದ ಊರಿನಲ್ಲಿಯೂ ಮಿತಬಳಕೆ ಗೃಹಸ್ಥನಿಗೆ ಶೋಭೆ. ಕೊಳವೆಬಾವಿಯ ನೀರಿನಲ್ಲಿ ಲವಣಾಂಶ ಹೆಚ್ಚಿದ್ದರೆ ಅದು ಒಣಗಿದಲ್ಲಿ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಕೊನೆಯ ಸಲ ಸುರಿಯಲು ಹಿಡಿದಿಟ್ಟ ಮಳೆಯ ನೀರು ಶ್ರೇಷ್ಠ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಅಧಿಕವಾದ್ದರಿಂದ ಅದನ್ನು ಚಕ್ರಗಳಿಗಷ್ಟೇ ಬಳಸುವುದು ಲೇಸು. ತೊಳೆದ ಕೂಡಲೆ ಮೈಕ್ರೋಫೈಬರ್ ಟವೆಲಿನಿಂದ ಒತ್ತಿ ನೀರನ್ನು ಹೀರಿಸಬೇಕು.

ತೊಳೆದ ಮೈಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದರೆ, ಕಣ್ಣಿಗೆ ಕಾಣದ ಒರಟುತನ ಬೆರಳಿಗೆ ತಿಳಿಯುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣಗಳು, ಮರದ ಅಂಟು, ಡಾಂಬರಿನ ಹನಿಗಳು ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಇವನ್ನು ತೆಗೆಯಲು ಕ್ಲೇ ಬಾರ್ ಎಂಬ ಜೇಡಿಯಂತಹ ಮೃದು ಉಂಡೆ ದೊರೆಯುತ್ತದೆ. ಅದಕ್ಕೆಂದೇ ಇರುವ ಜಾರುದ್ರವವನ್ನೋ ಶಾಂಪೂ ನೀರನ್ನೋ ಧಾರಾಳವಾಗಿ ಸಿಂಪಡಿಸಿ, ಒತ್ತಡ ಹಾಕದೆ, ನೇರ ಗೆರೆಯಲ್ಲಿ ಅದನ್ನು ಜಾರಿಸಬೇಕು. ಕೊಳೆಯಾದಂತೆಲ್ಲ ಮಡಿಚಿ ಹೊಸ ಮುಖ ತೆಗೆಯಬೇಕು. ಕೈತಪ್ಪಿ ನೆಲಕ್ಕೆ ಬಿದ್ದ ಉಂಡೆಯನ್ನು ಬಿಸಾಡಬೇಕೇ ಹೊರತು ಒರೆಸಿ ಬಳಸಬಾರದು. ಅದಕ್ಕೆ ಹತ್ತಿದ ಒಂದು ಮರಳಿನ ಕಣ ಸಾಕು, ಇಡೀ ಬಾಗಿಲು ಕೆಡಲು.

ಇಷ್ಟಾದ ಮೇಲೆ ಗೀರುಗಳ ಪರೀಕ್ಷೆ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಎಲ್ಲವೂ ಬಯಲಾಗುತ್ತವೆ. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಗೀರು ಆಳವಾದುದು. ಅದನ್ನು ಪಾಲಿಶಿನಿಂದ ಅಳಿಸಹೊರಟರೆ ಸುತ್ತಲಿನ ಕ್ಲಿಯರ್ ಕೋಟ್ ಎಲ್ಲವೂ ಸವೆದು ಹೋದೀತು. ಆ ಗೀರನ್ನು ಹಾಗೆಯೇ ಬಿಡುವುದು ವಿವೇಕ. ಹುಬ್ಬಳ್ಳಿಯ ಕಾರಿನ ಎಡಗಡೆಯ ಹಿಂಬಾಗಿಲಿನಲ್ಲಿ ಇಂತಹ ಒಂದು ಗೀಣುದ್ದದ ಗೀರಿತ್ತು. ಅಲ್ಲಿಯೇ ಸಮಸ್ಯೆ ಹುಟ್ಟಿತು.

ಅಳಿಯನು ಅಂಗಡಿಯಿಂದ ತಂದಿದ್ದ ಎರಡು ಬಾಟಲಿಗಳಲ್ಲಿ ಒಂದು ನಿಜವಾದ ಪಾಲಿಶ್. ಇನ್ನೊಂದು ಗೀರಿನೊಳಗೆ ಎಣ್ಣೆ ಹಾಗೂ ತುಂಬುದ್ರವ್ಯಗಳನ್ನು ಕೂರಿಸಿ ಮರೆಮಾಡುವ ಗ್ಲೇಜ್. ಮಾವನು ಅದನ್ನು ಕೈಯಲ್ಲಿ ಹಿಡಿದು, “ಇದು ಗೀರನ್ನು ತೆಗೆಯುತ್ತದೆಯೋ, ಮುಚ್ಚುತ್ತದೆಯೋ?” ಎಂದು ಕೇಳಿದರು. “ಮುಚ್ಚುತ್ತದೆ, ಮಾಮಾ. ನಾಲ್ಕಾರು ಸಲ ತೊಳೆಯುವತನಕ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕಾರು ಮಾರಿ ಹೋಗಿರುತ್ತದೆ,” ಎಂದನು ಅಳಿಯ. ಅವನ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಪೇಟೆಯಲ್ಲಿ ಎಲ್ಲರೂ ಮಾಡುವುದನ್ನೇ ಅವನು ಹೇಳಿದ್ದನು.

ಬಟ್ಟೆಯ ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವರಿಗೆ ಈ ಉಪಾಯ ಹೊಸದಲ್ಲ. ತೆಳು ನೇಯ್ಗೆಯ ಬಟ್ಟೆಗೆ ಗಂಜಿ ತುಂಬಿ ಗಟ್ಟಿ ಬಟ್ಟೆಯೆಂದು ಮಾರುವವರನ್ನು ಅವರು ಕಂಡಿದ್ದರು. ಮೊದಲ ಒಗೆತಕ್ಕೆ ಗಂಜಿ ಹೋಗಿ ಗಿರಾಕಿಯ ಕೈಯಲ್ಲಿ ಜಾಳು ಬಟ್ಟೆ ಉಳಿಯುತ್ತದೆ. ಶ್ರಾವಕನ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಒಂದು ಗುಣದ ವಸ್ತುವನ್ನು ಇನ್ನೊಂದು ಗುಣದ್ದೆಂದು ತೋರಿಸಿ ಕೊಡುವುದು. ಕಾಳನ್ನು ಕೇರಿ ಧೂಳು ತೆಗೆದು ಮಾರುವುದು ವ್ಯಾಪಾರಧರ್ಮ. ಅದೇ ಕಾಳಿಗೆ ಎಣ್ಣೆ ಸವರಿ ಹಳೆಯದನ್ನು ಹೊಸದೆಂದು ತೋರಿಸುವುದು ಅತಿಚಾರ. ಕಾರನ್ನು ತೊಳೆಯುವುದೂ ನಿಜವಾಗಿ ಪಾಲಿಶ್ ಮಾಡುವುದೂ ಮೊದಲನೆಯ ಬಗೆ. ಇದ್ದ ಗೀರನ್ನು ಕೊಳ್ಳುವವನ ಕಣ್ಣಿಗೆ ನಾಲ್ಕು ವಾರ ಮರೆಮಾಡುವುದು ಎರಡನೆಯ ಬಗೆ. ತನ್ನ ಬಳಿಯೇ ಇಟ್ಟುಕೊಳ್ಳುವ ಕಾರಿಗೆ ಗ್ಲೇಜ್ ಹಚ್ಚಿ ಸಂತೋಷಪಡುವವನು ಯಾರನ್ನೂ ವಂಚಿಸುವುದಿಲ್ಲ. ಆದುದರಿಂದ ದೋಷ ಬಾಟಲಿಯಲ್ಲಿಲ್ಲ, ಬಳಸುವ ಸಂದರ್ಭದಲ್ಲಿದೆ. ಗ್ಲೇಜಿನ ಬಾಟಲಿ ಅಂಗಡಿಗೆ ಮರಳಿತು.

ಪಾಲಿಶಿನ ಕ್ರಮ ಹೀಗೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳ ಮೇಲೆ ಬಣ್ಣ ಅತ್ಯಂತ ತೆಳುವಾಗಿರುವುದರಿಂದ ಅಲ್ಲಿಯೂ, ಕಪ್ಪು ಪ್ಲಾಸ್ಟಿಕ್ ಭಾಗಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ರಬ್ಬಿಂಗ್ ಕಾಂಪೌಂಡ್ ಒರಟು, ಪಾಲಿಶ್ ನಯ. ಹೊಸಬರು ಯಾವಾಗಲೂ ಅತಿ ನಯವಾದುದರಿಂದಲೇ ಆರಂಭಿಸಬೇಕು. ಒಂದೂವರೆ ಅಡಿ ಚೌಕದ ಜಾಗವೊಂದನ್ನು ಆರಿಸಿ ಪ್ರಯೋಗ ಮಾಡಿ, ಅಷ್ಟರಲ್ಲಿಯೇ ತೃಪ್ತಿಕರವಾದ ಫಲ ಸಿಕ್ಕರೆ ಇಡೀ ಕಾರಿಗೆ ಅದೇ ಸಾಕು. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿನ ಕಡೆಗೆ ಹೋಗುವುದು. ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ಮೂರು ನಾಲ್ಕು ಬೊಟ್ಟು ಪಾಲಿಶ್ ಹಾಕಿ, ಮೊದಲು ಜಾಗದ ತುಂಬ ಸವರಿ, ಅನಂತರ ಹದವಾದ ಒತ್ತಡದಿಂದ ಅಡ್ಡಲಾಗಿಯೂ ಉದ್ದಲಾಗಿಯೂ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವಂತೆ ಉಜ್ಜಬೇಕು. ಕೈಯಿಂದ ಮಾಡಿದರೆ ಶ್ರಮ ಹೆಚ್ಚು, ಫಲ ಸ್ವಲ್ಪ ಕಡಿಮೆ, ಅಪಾಯ ಅತಿ ಕಡಿಮೆ. ಯಂತ್ರ ಬೇಕೆನ್ನುವವರು ಸುತ್ತುವುದರೊಂದಿಗೆ ಅಲುಗಾಡುವ ಡ್ಯುಯಲ್ ಆಕ್ಷನ್ ಬಗೆಯದನ್ನು ಆರಿಸಬೇಕು. ಒಂದೇ ಕಡೆ ಗಿರಗಿರನೆ ತಿರುಗುವ ರೋಟರಿ ಯಂತ್ರ ಅನನುಭವಿಯ ಕೈಯಲ್ಲಿ ಕ್ಷಣಮಾತ್ರದಲ್ಲಿ ಬಣ್ಣವನ್ನು ಸುಟ್ಟುಬಿಡಬಲ್ಲದು.

ಉಳಿದ ಪಾಲಿಶನ್ನು ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೊಡನೆ ಕಾಣುವ ಹೊಳಪನ್ನು ಪೂರ್ತಿ ನಂಬಬಾರದು. ಪಾಲಿಶಿನ ಎಣ್ಣೆಯೂ ಕೆಲವು ಗೀರುಗಳನ್ನು ತಾತ್ಕಾಲಿಕವಾಗಿ ಮರೆಸಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ ತೆಳುಮಾಡಿ ಸಿಂಪಡಿಸಿ ಒರೆಸಿದರೆ ಎಣ್ಣೆ ಹೋಗಿ ನಿಜಸ್ಥಿತಿ ಕಾಣುತ್ತದೆ. ಹುಬ್ಬಳ್ಳಿಯ ಕಾರಿನಲ್ಲಿ ಬಾನೆಟ್ಟಿನ ಜೇಡರಬಲೆ ಬಹುಮಟ್ಟಿಗೆ ಮಾಯವಾಗಿತ್ತು. ಅಲ್ಲಲ್ಲಿ ಕೆಲವು ಗೀರುಗಳು ಉಳಿದಿದ್ದವು. ಇನ್ನೊಮ್ಮೆ ಉಜ್ಜೋಣವೆಂದು ಅಳಿಯನು ಉತ್ಸಾಹ ತೋರಿದಾಗ, “ಕೊಳ್ಳುವವನಿಗೂ ಒಂದಿಷ್ಟು ಬಿಡಪ್ಪಾ” ಎಂದು ಮಾವ ತಡೆದರು. ಮುಂದಿನ ಒಡೆಯನೂ ಎಂದಾದರೊಮ್ಮೆ ಪಾಲಿಶ್ ಮಾಡಿಸಬೇಕಾದೀತು. ಅವನ ಪಾಲಿನ ಪದರವನ್ನು ಇಂದಿನ ಅಂದಕ್ಕಾಗಿ ತೀರಿಸಿಬಿಡುವುದು ನ್ಯಾಯವಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು.

ಎರಡನೆಯ ಭಾನುವಾರ ಕಾಯುವ ಕೆಲಸ. ಇಲ್ಲಿ ಜೈನ ಕುಟುಂಬಗಳು ವಿಚಾರಿಸಬೇಕಾದ ವಿಷಯವೊಂದಿದೆ. ಮಾರುಕಟ್ಟೆಯ ಕೆಲವು ವ್ಯಾಕ್ಸುಗಳಲ್ಲಿ ಜೇನುಮೇಣ ಬೆರೆತಿರುತ್ತದೆ. ಜೇನನ್ನು ತ್ಯಜಿಸಿದ ಮನೆಯಲ್ಲಿ ಅದೇ ಹುಟ್ಟಿನಿಂದ ತೆಗೆದ ಮೇಣವನ್ನು ಕಾರಿಗೆ ಬಳಿಯುವುದು ಯೋಚಿಸಬೇಕಾದ ಸಂಗತಿ. ಒರೆಸಲು ಕೊಡುವ ಶಾಮಿ ಎಂಬ ಮೆತ್ತನೆಯ ಚರ್ಮ ಹಿಂದೆ ಅದೇ ಹೆಸರಿನ ಕಾಡುಪ್ರಾಣಿಯದಾಗಿತ್ತು; ಈಗ ಸಾಮಾನ್ಯವಾಗಿ ಕುರಿಯ ಚರ್ಮ. ಇವೆರಡಕ್ಕೂ ನಿರ್ದೋಷವಾದ ಬದಲಿಗಳಿವೆ. ಈಶಾನ್ಯ ಬ್ರೆಜಿಲಿನಲ್ಲಿ ಬೆಳೆಯುವ ತಾಳೆಯ ಜಾತಿಯ ಮರದ ಎಲೆಗಳಿಂದ ದೊರೆಯುವ ಕಾರ್ನೋಬಾ ಮೇಣ ಸಸ್ಯಜನ್ಯವಾದುದು; ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗಿದರೆ ಇದು 80 ಡಿಗ್ರಿ ದಾಟಿದ ಮೇಲೆಯೇ ಕರಗುತ್ತದೆ. ನಮ್ಮ ಬಿಸಿಲಿಗೆ ಇದೇ ಮೇಲು. ಆದರೆ ಕಾರ್ನೋಬಾ ಎಂದು ಬರೆದ ಡಬ್ಬಿಯಲ್ಲಿಯೂ ಜೇನುಮೇಣ ಇರಬಹುದಾದ್ದರಿಂದ ಚೀಟಿ ಓದಬೇಕು, ಸಂದೇಹವಿದ್ದರೆ ತಯಾರಕರನ್ನು ಕೇಳಬೇಕು. ಕೃತಕ ಪಾಲಿಮರ್ ಸೀಲೆಂಟುಗಳು ಇನ್ನೊಂದು ದಾರಿ. ವ್ಯಾಕ್ಸ್ ಕೆಲವು ವಾರಗಳಿಂದ ಎರಡು ಮೂರು ತಿಂಗಳು ನಿಂತರೆ ಸೀಲೆಂಟ್ ಆರು ತಿಂಗಳವರೆಗೂ ನಿಲ್ಲುವುದುಂಟು. ಶಾಮಿಯ ಬದಲು ಮೈಕ್ರೋಫೈಬರ್ ಬಟ್ಟೆ ಎಲ್ಲ ರೀತಿಯಲ್ಲಿಯೂ ಉತ್ತಮ.

ಹಚ್ಚುವ ವಿಧಾನ ಸರಳ. ನೆರಳಿನಲ್ಲಿ, ತಣ್ಣಗಿನ ಒಣ ಮೈಗೆ, ಆದಷ್ಟೂ ತೆಳುವಾಗಿ ಸವರಬೇಕು. ದಪ್ಪಗೆ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಮಾತ್ರ ಹೆಚ್ಚುತ್ತದೆ. ಮಂಜು ಕವಿದಂತೆ ಮಸುಕಾದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ, ಗೆರೆ ಸ್ವಚ್ಛವಾಗಿ ಮೂಡಿದರೆ ಹೊಸ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಸೀಲೆಂಟ್ ಹಚ್ಚಿದ ಕಾರಿಗೆ ಡಬ್ಬಿಯ ಮೇಲೆ ಹೇಳಿದಷ್ಟು ಗಂಟೆಗಳ ಕಾಲ ನೀರು ತಗುಲಬಾರದು. ಹೊಸದಾಗಿ ಬಣ್ಣ ಹೊಡೆಸಿದ ಭಾಗವಿದ್ದರೆ ಅದು ಪೂರ್ತಿ ಆರಲು ವಾರಗಳೇ ಬೇಕಾದುದರಿಂದ, ಬಣ್ಣ ಹೊಡೆದವರನ್ನು ಕೇಳದೆ ಏನನ್ನೂ ಹಚ್ಚಬಾರದು. ಬಳಸಿದ ಬಟ್ಟೆಗಳನ್ನು ಮನೆಯ ಬಟ್ಟೆಗಳೊಡನೆ ಬೆರೆಸದೆ ಬೇರೆಯಾಗಿ ಒಗೆಯಬೇಕು.

ಕಾರನ್ನು ಕೊಳ್ಳಲು ಬಂದವರು ಒಬ್ಬ ಶಾಲಾ ಶಿಕ್ಷಕರು. ಅವರಿಗೆ ಅದು ಮೊದಲ ಕಾರು. ವ್ಯಾಪಾರಿಯು ತಾವೇ ಟಾರ್ಚ್ ಹಿಡಿದು ಹಿಂಬಾಗಿಲಿನ ಗೀರನ್ನು ತೋರಿಸಿದರು. ಜೊತೆಯಲ್ಲಿದ್ದ ದಲ್ಲಾಳಿ ಮುಖ ಗಂಟಿಕ್ಕಿದನು. ಶಿಕ್ಷಕರು ಆ ಗೀರಿನ ನೆಪದಿಂದ ಏಳು ಸಾವಿರ ರೂಪಾಯಿ ಇಳಿಸಿ ಕೇಳಿದರು, ವ್ಯಾಪಾರಿ ಒಪ್ಪಿದರು. ಏಳು ಸಾವಿರ ಅವರಿಗೂ ಸಣ್ಣ ಮೊತ್ತವಾಗಿರಲಿಲ್ಲ. ಕಾಗದಪತ್ರಗಳೊಂದಿಗೆ ಅವರು ಒಂದು ಚಿಕ್ಕ ಪುಸ್ತಕವನ್ನೂ ಕೊಟ್ಟರು. ಹನ್ನೊಂದು ವರ್ಷಗಳಲ್ಲಿ ಯಾವ ದಿನ ವ್ಯಾಕ್ಸ್, ಯಾವ ದಿನ ಪಾಲಿಶ್, ಯಾವ ಭಾಗಕ್ಕೆ, ನಯವೋ ಒರಟೋ ಎಂಬುದೆಲ್ಲ ಅದರಲ್ಲಿ ದಾಖಲಾಗಿತ್ತು. ಕ್ಲಿಯರ್ ಕೋಟಿನಲ್ಲಿ ಖರ್ಚಾದುದೆಷ್ಟೆಂಬ ಅಂದಾಜು ಕೊಂಡವರಿಗೆ ಅದರಿಂದ ದೊರೆಯಿತು.

ಬಸದಿಯ ಟ್ರಸ್ಟುಗಳಿಗೂ ಪಾಠಶಾಲೆಗಳಿಗೂ ಈ ಪುಸ್ತಕದ ಕ್ರಮ ಅನುಸರಣೀಯ. ಟ್ರಸ್ಟಿನ ವಾಹನ ದಾನಿಗಳ ಹಣದಿಂದ ಬಂದುದು. ಅದರ ಮೈಯ ಸವಕಳಿಯೂ ದಾನದ್ರವ್ಯದ ಸವಕಳಿಯೇ. ಉತ್ಸವ ಬಂತೆಂದು ಪ್ರತಿವರ್ಷ ಗ್ಯಾರೇಜಿಗೆ ಕಳುಹಿಸಿ ರಬ್ಬಿಂಗ್ ಮಾಡಿಸುವ ಪದ್ಧತಿ ಕೆಲವೆಡೆ ಇದೆ. ಕಾರು ಅಂದು ಹೊಳೆಯುತ್ತದೆ, ಆದರೆ ಆಯುಷ್ಯ ಅಷ್ಟಷ್ಟೇ ಕುಗ್ಗುತ್ತದೆ. ವಾರಕ್ಕೊಮ್ಮೆ ಕ್ರಮವಾದ ತೊಳೆತ, ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್, ಗೀರುಗಳು ನಿಜವಾಗಿ ಕಣ್ಣಿಗೆ ಬಿದ್ದಾಗ ಮಾತ್ರ ನಯವಾದ ಪಾಲಿಶ್, ಇಷ್ಟು ಸಾಕು. ಹಕ್ಕಿಯ ಹಿಕ್ಕೆ ಬಿದ್ದರೆ ಒಣಬಟ್ಟೆಯಿಂದ ಕೆರೆಯದೆ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿ ಮೆತ್ತಗೆ ಮಾಡಿ ಎತ್ತಬೇಕು. ತಡಮಾಡಿದರೆ ಅದರ ಆಮ್ಲ ಬಣ್ಣವನ್ನು ತಿನ್ನುತ್ತದೆ.

ಕೊನೆಯದಾಗಿ, ಗೀರುಗಳ ಮೂಲ ಹೆಚ್ಚಿನ ಮನೆಗಳಲ್ಲಿ ಬೆಳಗಿನ ಒರೆಸುವಿಕೆಯೇ. ನಸುಕಿನಲ್ಲಿ ಬರುವ ಹುಡುಗನು ಒಂದೇ ಬಕೆಟ್, ಒಂದೇ ಬಟ್ಟೆಯಿಂದ ಬೀದಿಯ ಹತ್ತು ಕಾರುಗಳನ್ನು ಒರೆಸಿ ಹೋಗುತ್ತಾನೆ. ಅವನನ್ನು ಗದರಿಸುವುದರಿಂದ ಫಲವಿಲ್ಲ. ಬೇರೆಯ ಬಟ್ಟೆಯನ್ನು ಯಾರೂ ಅವನಿಗೆ ಕೊಟ್ಟಿಲ್ಲ, ಕ್ರಮವನ್ನು ಯಾರೂ ಹೇಳಿಕೊಟ್ಟಿಲ್ಲ. ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಹೆಚ್ಚಿನ ಬಕೆಟ್ ಅವನಿಗೆ ಕೊಟ್ಟು, ಪ್ರತಿದಿನ ಒಣಗಿದ ಧೂಳನ್ನು ಒರೆಸುವ ಬದಲು ವಾರಕ್ಕೆರಡು ಸಲ ಸರಿಯಾಗಿ ತೊಳೆದರೆ ಸಾಕೆಂದು ತಿಳಿಸಿ, ಸಂಬಳವನ್ನು ಮೊದಲಿನಷ್ಟೇ ಕೊಡುವುದು ಉಚಿತ.